ಏನಾಯ್ತು ಎಂದು ಕೇಳದ ಕೆಂಚ

‘ತಾತಾ, ಬಡ್ಡಿ, ಉಳಿತಾಯ ಅಂತ ಏನೇನೋ ಬರೀತೀರಿ, ನಿಮ್ಮ ಕೆಂಚನ ಬಗ್ಗೆ ಯಾಕೆ ಬರೆಯಲ್ಲ?’ ಎಂದು ನಮ್ಮ ಬೀದಿಯ ಮಕ್ಕಳು ಗಂಟುಬಿದ್ದು ತಿಂಗಳಾಯಿತು. ಸರಿ, ಈ ವಾರ ಕೆಂಚನದೇ ಲೆಕ್ಕ.

ಕೆಂಚ ದುಡ್ಡು ಕೊಟ್ಟು ತಂದ ನಾಯಿಯಲ್ಲ. ಬೀದಿಯಲ್ಲಿ ಗಾಯಗೊಂಡ ನಾಯಿಗಳನ್ನು ಆರೈಕೆ ಮಾಡುವ ಹೆಬ್ಬಾಳದ ಕಡೆಯ ಒಂದು ಆಶ್ರಯದಿಂದ ಬಂದವನು. ಬೆಂಗಳೂರಿನಲ್ಲಿ ಇಂಥ ಕೆಲಸ ಹೊಸದಲ್ಲ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ 1991ರಲ್ಲಿ ಇಲ್ಲಿ ‘ಕ್ಯೂಪಾ’ ಸಂಸ್ಥೆ ಶುರುಮಾಡಿದಾಗ ಆಕೆಗೆ ಎಂಬತ್ತು ದಾಟಿತ್ತು. ಮಂಡಿನೋವು ಎಂದು ಕೂತುಬಿಡುವ ನನ್ನಂಥವರು ಆಗಾಗ ನೆನೆಸಿಕೊಳ್ಳಬೇಕಾದ ವಿಷಯ.

ಮರಿ ಬೇಕೆಂದು ಹಟ ಹಿಡಿದು ಹೋದ ಮೊಮ್ಮಗ, ಗೋಡೆಗೆ ಮುಖ ಮಾಡಿ ಮಲಗಿದ್ದ ದೊಡ್ಡ ನಾಯಿಯನ್ನು ತೋರಿಸಿ ‘ಇವನೇ’ ಅಂದ. ಕೆಂಚು ಬಣ್ಣದ ನಾಟಿ ನಾಯಿ. ವಯಸ್ಸು ಸುಮಾರು ನಾಲ್ಕು, ಹಿಂಗಾಲು ಸ್ವಲ್ಪ ಕುಂಟು, ಒಂದು ಕಿವಿಯ ತುದಿ ಇಲ್ಲ. ಮಕ್ಕಳೇ, ಬೀದಿನಾಯಿಯ ಕಿವಿಯ ತುದಿ ಕತ್ತರಿಸಿದಂತಿದ್ದರೆ ಅದು ಸಾಮಾನ್ಯವಾಗಿ ಕಚ್ಚಾಟದ ಗಾಯವಲ್ಲ. ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿದ್ದಾರೆ ಎಂಬ ಗುರುತು. ಆಶ್ರಯದವರು ನಮ್ಮನ್ನೂ ಬಿಡಲಿಲ್ಲ. ಸ್ವಂತ ಮನೆಯೋ ಬಾಡಿಗೆಯೋ, ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು, ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯೇ? ಬ್ಯಾಂಕಿನಲ್ಲಿ ನಾವು ಗೃಹಸಾಲಕ್ಕೂ ಇಷ್ಟು ಕೇಳುತ್ತಿರಲಿಲ್ಲ.

ಎಲ್ಲರಿಗೂ ಒಪ್ಪಿಗೆ ಇರಲಿಲ್ಲ ಎಂಬುದು ಬೇರೆ ಮಾತು. ನಮ್ಮ ಮನೆಯವಳಿಗೆ ಮಡಿಯ ಚಿಂತೆ. ಅವಳಿಗೆ ನಾನು ಆತಕೂರಿನ ಕಥೆ ಹೇಳಿದೆ. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಸುಮಾರು 950ರ ಒಂದು ವೀರಗಲ್ಲು ಸಿಕ್ಕಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಹೋರಾಡಿದ ಮಣಲೆರನಿಗೆ, ಏನು ಬೇಕೋ ಕೇಳು ಎಂದರಂತೆ. ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಎಂದು ಅಲ್ಲಿನ ಪೂಜಾರಿಗೆ ಕಟ್ಟುಮಾಡಿದರು.

ನಮ್ಮಾಕೆ ಪೂರ್ತಿ ಕೇಳಿಸಿಕೊಂಡು, ‘ಆ ಕಾಳಿ ಹಂದಿ ಹೊಡೀತು. ಇವನು ಹೊಡೆದಿರೋದು ನನ್ನ ಚಪ್ಪಲಿ’ ಅಂದಳು. ಆದರೂ ಮೊಸರನ್ನ ಕಲಸಿ ಮಂಚದ ಕೆಳಗೆ ತಳ್ಳುತ್ತಿದ್ದವಳು ಅವಳೇ. ಮೊದಲ ಹತ್ತು ದಿನ ಕೆಂಚ ಅಲ್ಲಿಂದ ಈಚೆ ಬಂದದ್ದು ಕಡಿಮೆ. ಮನೆಯೆಲ್ಲ ಮಲಗಿದ ಮೇಲೆ ತಿನ್ನುತ್ತಿದ್ದ. ಯಾರಾದರೂ ಪೊರಕೆ ಎತ್ತಿದರೆ ನಡುಗುತ್ತಿದ್ದ.

ಅವನು ಬಂದ ಆರನೇ ತಿಂಗಳಿಗೆ ನನ್ನ ಮಗನ ಕೆಲಸ ಹೋಯಿತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹದಿನಾರು ವರ್ಷ ದುಡಿದಿದ್ದ. ಆರ್ಡರ್ ಇಲ್ಲ ಎಂದು ಒಂದಷ್ಟು ಜನರನ್ನು ಮನೆಗೆ ಕಳಿಸಿದರು. ಇಂಟರ್‌ವ್ಯೂಗೆ ಹೋಗಿ ಬಂದರೆ ನಾನು ‘ಏನಾಯ್ತು?’ ಅನ್ನುವೆ, ಅವನ ಅಮ್ಮ ‘ಏನಾಯ್ತೋ?’ ಅನ್ನುವಳು, ಸೊಸೆಯ ತವರಿನಿಂದ ಫೋನು. ಕೇಳದೆ ಇರುವುದು ಹೇಗೆ? ಅವನು ರೂಮಿನ ಬಾಗಿಲು ಹಾಕಿಕೊಳ್ಳತೊಡಗಿದ. ಮೊಮ್ಮಗ ಪಾಠವನ್ನೂ ಪಿಸುಗುಟ್ಟಿ ಓದುತ್ತಿದ್ದ.

ಕೆಂಚ ಹೋಗಿ ಆ ಬಾಗಿಲಿಗೆ ಅಡ್ಡ ಮಲಗಿದ. ಬೆಳಿಗ್ಗೆ ಆರಕ್ಕೆ ಕಾಲಿನಿಂದ ಕೆರೆಯುವನು. ಅವನಿಗೆ ಹೊರಗೆ ಹೋಗಲೇಬೇಕು. ನನ್ನ ಮಂಡಿ ಹೀಗೆ, ಮೊಮ್ಮಗನಿಗೆ ಶಾಲೆ. ಮಗ ಎದ್ದು ಬರಲೇಬೇಕಾಯಿತು. ಇಬ್ಬರೂ ಎಚ್‌.ಎಂ.ಟಿ. ಕಡೆಯ ಮರಗಳ ರಸ್ತೆಯಲ್ಲಿ ನಡೆಯುವರು. ಒಂದು ಕಾಲಕ್ಕೆ ದೇಶಕ್ಕೆಲ್ಲ ಕೈಗಡಿಯಾರ ಕಟ್ಟಿದ ಜಾಗ, 2016ರಲ್ಲಿ ಆ ಗಡಿಯಾರ ಕಂಪನಿಯನ್ನು ಮುಚ್ಚಲು ಸರ್ಕಾರವೇ ಒಪ್ಪಿತು. ಕೆಲಸ ಕಳೆದುಕೊಂಡವನು ಅಡ್ಡಾಡಲು ಸರಿಯಾದ ರಸ್ತೆಯಲ್ಲ ಅನ್ನಿಸುತ್ತಿತ್ತು. ಕೆಂಚನಿಗೆ ಇತಿಹಾಸ ಬೇಡ, ಅಲ್ಲಿನ ಮರಗಳು ಸಾಕು.

ಒಂದು ರಾತ್ರಿ ನೀರು ಕುಡಿಯಲು ಎದ್ದೆ. ಹಿತ್ತಿಲ ಮೆಟ್ಟಿಲ ಮೇಲೆ ಮಗ ಕೂತಿದ್ದ, ತೊಡೆಯ ಮೇಲೆ ಕೆಂಚನ ತಲೆ. ಅಂದಿನ ಇಂಟರ್‌ವ್ಯೂನಲ್ಲಿ ತನಗಿಂತ ಹದಿನೈದು ವರ್ಷ ಚಿಕ್ಕ ಹುಡುಗ ಏನೇನು ಕೇಳಿದ, ತಾನು ಏನಂದೆ, ಎಲ್ಲಿ ತಡವರಿಸಿದೆ, ಎಲ್ಲವನ್ನೂ ಮೆಲ್ಲಗೆ ಹೇಳುತ್ತಿದ್ದ. ನಮಗೆ ‘ತಿಳಿಸ್ತಾರಂತೆ’ ಎಂದಷ್ಟೇ ಹೇಳಿದ್ದವನು. ನಾನು ನೀರು ಕುಡಿಯದೆ ವಾಪಸ್ಸು ಬಂದು ಮಲಗಿದೆ.

ನಾಯಿಯನ್ನು ನೇವರಿಸಿದರೆ ರಕ್ತದೊತ್ತಡ ಇಳಿಯುತ್ತದೆ ಅನ್ನುತ್ತಾರೆ. ಇರಬಹುದು. ನಾನು ಕಂಡದ್ದು, ಪ್ರಶ್ನೆ ಕೇಳದೆ ಹತ್ತಿರ ಕೂರುವ ಒಂದು ಜೀವ ಮತ್ತು ತಪ್ಪಿಸಲಾಗದ ಬೆಳಗಿನ ಆರು ಗಂಟೆ.

ಕೆಂಚನನ್ನು ನೋಡಿ ನಾಯಿ ಬೇಕೆನ್ನುವ ಮಕ್ಕಳಿಗೆ ಎರಡು ಮಾತು. ನಾಯಿ ಹನ್ನೆರಡು, ಹದಿನೈದು ವರ್ಷ ಬದುಕಬಹುದು. ನೀವು ಕಾಲೇಜಿಗೆ ಹೋದ ಮೇಲೆ ಯಾರ ಪಾಲಿಗೆ ಎಂದು ಅಪ್ಪ ಅಮ್ಮನ ಜೊತೆ ಈಗಲೇ ಮಾತಾಡಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೊಡಲೇಬೇಡಿ, ಅವಕ್ಕೆ ವಿಷ. ರೇಬಿಸ್ ಲಸಿಕೆಯ ತಾರೀಕು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ನಮ್ಮ ಮನೆಯಲ್ಲಿ ಅದು ನನ್ನ ಕೆಲಸ, ಠೇವಣಿ ರಸೀದಿಗಳ ಜೊತೆಯಲ್ಲೇ ಆ ಪುಸ್ತಕವೂ ಇದೆ.

ಮಗನಿಗೆ ಎಂಟು ತಿಂಗಳ ಮೇಲೆ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ, ದೂರ ಹೆಚ್ಚು. ಏಳೂವರೆಗೆಲ್ಲ ಮನೆ ಬಿಡಬೇಕು. ಬೆಳಗಿನ ತಿರುಗಾಟಕ್ಕೆ ಒಬ್ಬ ಹುಡುಗನನ್ನು ಗೊತ್ತುಮಾಡೋಣ ಅಂದರೆ, ‘ಬೇಡಪ್ಪಾ, ನಾನು ಐದಕ್ಕೇ ಏಳ್ತೀನಿ’ ಅಂದ.