ಬಾಗಿಲಲ್ಲಿಟ್ಟ ಬುಟ್ಟಿ

ನಮ್ಮ ಸಭೆಯ ಪಾದ್ರಿಯವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದಿನದನ್ನು ಓದಿ, ಈ ಟೀಚರಮ್ಮನಿಗೆ ಅವರ ಮೇಲೆ ಏನೋ ಹಗೆ ಎಂದು ನೀವು ತಿಳಿದೀರಿ. ಆರು ತಿಂಗಳ ಹಿಂದೆ ಒಂದು ಭಾನುವಾರ ಅವರು ಮೊಬೈಲ್ ಆಟಗಳ ಬಗ್ಗೆ ಪ್ರಸಂಗ ಮಾಡಿದರು. ತಾವೂ ಪಾದ್ರಿ ಓದಿನ ದಿನಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು ರಾತ್ರಿ ಎರಡು ಗಂಟೆಯವರೆಗೆ ಆಡುತ್ತಿದ್ದುದನ್ನು, ಬೆಳಗಿನ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಅದೇ ಬಂದೂಕುಗಳು ಕಾಣುತ್ತಿದ್ದುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಪ್ರಸಂಗಪೀಠದಲ್ಲಿ ನಿಂತು ತಮ್ಮ ಹುಳುಕನ್ನು ಹೇಳಿಕೊಳ್ಳುವ ಪಾದ್ರಿಗಳನ್ನು ನಾನು ಹೆಚ್ಚು ಕಂಡವಳಲ್ಲ. ಮನಸ್ಸಿಗೆ ಹಿತವೆನಿಸಿತು.

ಆ ಹಿತ ಒಂದೇ ವಾರಕ್ಕೆ ಮುಗಿಯಿತು. ಮರುವಾರ ಚರ್ಚಿನ ಬಾಗಿಲಲ್ಲಿ ಬಿದಿರಿನ ಬುಟ್ಟಿಯೊಂದನ್ನು ಇಟ್ಟಿದ್ದರು. ಹದಿನೆಂಟರೊಳಗಿನವರು ತಮ್ಮ ಮೊಬೈಲನ್ನು ಅದರಲ್ಲಿ ಹಾಕಿಯೇ ಒಳಗೆ ಬರಬೇಕಂತೆ. ನನ್ನ ತಂಗಿಯ ಮಗ ಹಾಕಲಿಲ್ಲ. ಪಿಯುಸಿ ಹುಡುಗ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಆಡುತ್ತಿದ್ದವನನ್ನು ಪಾದ್ರಿಯವರು ಕಂಡರು, ಪ್ರಸಂಗ ನಿಲ್ಲಿಸಿದರು, ಎದ್ದು ನಿಲ್ಲಲು ಹೇಳಿದರು. "ಸೈತಾನನಿಗೆ ಇವತ್ತು ಎಷ್ಟು ಪಾಯಿಂಟ್ ಗಳಿಸಿಕೊಟ್ಟೆಯಪ್ಪ?" ಎಂದು ಕೇಳಿದರು. ಸಭೆ ನಕ್ಕಿತು. ಸತ್ಯ ಹೇಳಬೇಕೆಂದರೆ ನಾನೂ ನಕ್ಕೆ. ಅವನು ಅಂದಿನಿಂದ ಚರ್ಚಿಗೆ ಬಂದಿಲ್ಲ. ತಂಗಿ ಈಗ ಒಬ್ಬಳೇ ಬಂದು ಕೂರುತ್ತಾಳೆ, ಪಕ್ಕದ ಜಾಗದಲ್ಲಿ ತನ್ನ ವ್ಯಾನಿಟಿ ಬ್ಯಾಗ್ ಇಟ್ಟುಕೊಂಡು.

ಆಟದ ಪರವಾಗಿ ವಕಾಲತ್ತು ವಹಿಸಲು ನಾನು ಹೊರಟಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮಕ್ಕಳ ಕಣ್ಣು ನೋಡಿಕೊಂಡೇ ಪಾಠ ಮಾಡಿದವಳು. ರಾತ್ರಿ ನಿದ್ದೆಗೆಟ್ಟ ಕಣ್ಣು ಯಾವುದು ಎಂದು ನನಗೆ ಹೇಳಿಕೊಡಬೇಕಾಗಿಲ್ಲ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, ಇಂಥ ಗೀಳಿಗೆಂದೇ ಚಿಕಿತ್ಸಾಲಯ ತೆರೆಯಿತು. ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿಯನ್ನು ನಿಷೇಧಿಸಿತು. ಮರುವರ್ಷ ಅದೇ ಆಟ ಬೇರೆ ಹೆಸರು ಹೊತ್ತು ಬಂತು. ನಿಷೇಧದ ಯೋಗ್ಯತೆ ಇಷ್ಟು. ಬಿದಿರಿನ ಬುಟ್ಟಿ ಏನು ಮಾಡೀತು?

ಒಂದು ಸಂಜೆ ತಂಗಿಯ ಮನೆಗೆ ಹೋಗಿ ಅವನ ಪಕ್ಕ ಕೂತು, "ಏನಿದೆಯೋ ಅದರಲ್ಲಿ, ನನಗೂ ತೋರಿಸು" ಎಂದೆ. ಮೊದಲು ಬೈಗುಳದ ಪೀಠಿಕೆ ಇರಬೇಕೆಂದು ಅನುಮಾನಿಸಿದ. ಆಮೇಲೆ ತೋರಿಸಿದ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ. ನಾಲ್ಕು ನಾಲ್ಕು ಜನರ ತಂಡ. ನಿಲ್ಲುವ ಜಾಗ ಕಿರಿದಾಗುತ್ತ ಬರುತ್ತದೆ. ಸುಮಾರು ಅರ್ಧ ಗಂಟೆಯ ಆಟ. ನಡುವೆ ಎದ್ದು ಹೋದರೆ ಉಳಿದ ಮೂವರಿಗೆ ಮೋಸ. ಜೊತೆಗಾರ ಗುಂಡು ತಗುಲಿ ಬಿದ್ದರೆ ಇನ್ನೊಬ್ಬ ಓಡಿಹೋಗಿ, ತನ್ನ ಜೀವವನ್ನು ಒತ್ತೆಯಿಟ್ಟು, ಅವನ ಪಕ್ಕ ಕೂತು ಎಬ್ಬಿಸಬೇಕು. ಅಂದು ನಮ್ಮ ಹುಡುಗ ಇಬ್ಬರನ್ನು ಎಬ್ಬಿಸಿದ. ಕಿವಿಯ ಯಂತ್ರದೊಳಗಿನಿಂದ ಯಾರೋ ಅವನ ಹೆಸರು ಕರೆದು ಥ್ಯಾಂಕ್ಸ್ ಹೇಳಿದರು. ಅವನ ಮುಖ ನೋಡಬೇಕಿತ್ತು ನೀವು.

ನನಗೆ ಅಲ್ಲೇ ಚುರುಕ್ಕೆಂದಿತು. ನಮ್ಮ ಚರ್ಚಿನಲ್ಲಿ ಈ ಹುಡುಗನನ್ನು ಹೆಸರು ಹಿಡಿದು ಕರೆದದ್ದು ಎರಡೇ ಸಲ: ದೀಕ್ಷಾಸ್ನಾನದ ದಿನ, ಮತ್ತು ಎಬ್ಬಿಸಿ ನಿಲ್ಲಿಸಿದ ದಿನ. ಅವನಿಗೆ ಅಲ್ಲೇನು ಕೆಲಸ? ಹೂವು ಜೋಡಿಸುವುದು, ಗುಡಿಸುವುದು, ಚಹಾ ಕಾಸುವುದು ನಾವು ಹೆಂಗಸರು. ಲೆಕ್ಕ ನೋಡುವುದು, ಕಾಣಿಕೆ ಎತ್ತುವುದು ಹಿರಿಯರು. ಹುಡುಗರು ಒಂದೂವರೆ ಗಂಟೆ ಸುಮ್ಮನೆ ಕೂರಬೇಕು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು ಬರೀ ಪ್ರಸಂಗ ಮಾಡಿಕೊಂಡು ಕೂರಲಿಲ್ಲ; 1841ರಲ್ಲಿ ಅಚ್ಚುಕೂಟ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದರ ಹಿಂದೆ ಅವರದೇ ಲೆಕ್ಕಾಚಾರಗಳಿದ್ದವು ಎನ್ನಿ. ಆದರೂ ಸಭೆಗೆ ಬಂದವರ ಕೈಗೆ ಕೆಲಸ ಬೇಕೆಂಬುದು ಅವರಿಗೆ ತಿಳಿದಿತ್ತು.

ಇನ್ನು ನಮ್ಮ ಹಿರಿಯರ ಮೊಬೈಲುಗಳ ಕಥೆ. ಪರೀಕ್ಷಾ ಕೊಠಡಿಯಲ್ಲಿ ನಿಂತು ಅಭ್ಯಾಸವಾದ ಕಣ್ಣು ನನ್ನದು. ಕಳೆದ ತಿಂಗಳು ಬೇಕೆಂದೇ ಹಿಂದಿನ ಸಾಲಿನಲ್ಲಿ ಕೂತೆ. ಮೊಬೈಲಿನಲ್ಲೇ ಬೈಬಲ್ ಓದುತ್ತೇವೆ ಎಂದು ಬುಟ್ಟಿಯಿಂದ ವಿನಾಯಿತಿ ಪಡೆದವರಲ್ಲಿ ಒಬ್ಬರು ಕ್ರಿಕೆಟ್ ಸ್ಕೋರು ನೋಡುತ್ತಿದ್ದರು, ಇನ್ನೊಬ್ಬರು ವಾಟ್ಸಾಪಿನಲ್ಲಿ ಯಾರದೋ ಸೈಟಿನ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು. ಇವರನ್ನು ಎಬ್ಬಿಸಿ ನಿಲ್ಲಿಸುವ ಧೈರ್ಯ ಯಾರಿಗಿದೆ? ಇವರೇ ಕಮಿಟಿ. ನಾನೇನು ಸಾಚಾ ಎಂದಲ್ಲ. ರಾತ್ರಿ ಉತ್ತರ ಪತ್ರಿಕೆಗಳ ಕಟ್ಟನ್ನು ಪಕ್ಕಕ್ಕಿಟ್ಟು ಕ್ಯಾಂಡಿ ಕ್ರಷ್ ಆಡುವವಳು ನಾನು. ಬಣ್ಣದ ಮಿಠಾಯಿಗಳು ಸಾಲಾಗಿ ಒಡೆಯುವಾಗ ದಿನದ ಸಿಟ್ಟೆಲ್ಲ ಇಳಿಯುತ್ತದೆ. ಐದು ನಿಮಿಷ ಎಂದು ಕೂತರೆ ಗಡಿಯಾರ ಹನ್ನೊಂದೂವರೆ ತೋರಿಸುತ್ತದೆ.

ಪಾದ್ರಿಯವರನ್ನು ಅವರ ಮನೆಯಲ್ಲೇ ಕಂಡೆ. ಅಪೊಸ್ತಲರ ಕೃತ್ಯಗಳ ಇಪ್ಪತ್ತನೆಯ ಅಧ್ಯಾಯ ನೆನಪಿದೆಯೇ ಎಂದೆ. ತ್ರೋವದಲ್ಲಿ ಪೌಲನ ಪ್ರಸಂಗ ನಡುರಾತ್ರಿಯವರೆಗೆ ಬೆಳೆಯಿತು. ಕಿಟಕಿಯಲ್ಲಿ ಕೂತ ಯುವಕನೊಬ್ಬ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲ ಇಳಿದು ಹೋಗಿ ಅವನನ್ನು ತಬ್ಬಿಕೊಂಡ. ಹುಡುಗ ಬದುಕಿದ, ಪೌಲ ಮತ್ತೆ ಮೇಲೆ ಬಂದು ಬೆಳಗಿನವರೆಗೆ ಮಾತಾಡಿದ. ಗಮನವೆಲ್ಲಿತ್ತು ನಿನಗೆ ಎಂದು ಅವನನ್ನು ಗದರಿಸಿದ ಮಾತು ಅಲ್ಲಿಲ್ಲ. "ನೀವು ಅವನ ಮನೆಯ ಮೆಟ್ಟಿಲು ಹತ್ತಿ ಹೋಗಿ. ಆ ಕರಕರ ಎನ್ನುವ ಮೈಕ್ ಸೆಟ್ಟನ್ನು ಅವನ ಕೈಗೆ ಕೊಡಿ" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಟೀಚರ್, ಕಮಿಟಿಯಲ್ಲಿ ಇಡಬೇಕಾಗುತ್ತದೆ" ಎಂದರು. ಮೂರು ಕಮಿಟಿ ಸಭೆಗಳಾದವು. ಮೈಕ್ ಇನ್ನೂ ಕರಕರ ಎನ್ನುತ್ತಿದೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ದೊಡ್ಡಮ್ಮ, ನಿಮ್ಮ ಮೊಬೈಲ್ ಬುಟ್ಟಿಗೆ ಹಾಕಿದ್ದೀರಾ?"

ಮೊನ್ನೆ ಭಾನುವಾರ ಹಾಕಿದೆ. ಬುಟ್ಟಿಯಲ್ಲಿ ಎರಡೇ ಮೊಬೈಲುಗಳಿದ್ದವು. ಹುಡುಗರೇ ಬರದಿದ್ದರೆ ಮೊಬೈಲ್ ಎಲ್ಲಿಂದ ಬಂದೀತು? ಬಾಗಿಲಲ್ಲಿ ನಿಂತಿದ್ದ ಹಿರಿಯರು, "ಟೀಚರ್, ಅದು ಮಕ್ಕಳಿಗೆ" ಎಂದರು. "ಗೊತ್ತು" ಎಂದು ಅಲ್ಲೇ ನಿಂತು ಅವರ ಜೇಬನ್ನೇ ನೋಡಿದೆ. ಅವರು ಜೇಬಿನ ಮೇಲೆ ಕೈಯಿಟ್ಟುಕೊಂಡು ಹಾಡಿನ ಪುಸ್ತಕ ಹಂಚಲು ಹೋದರು.