ಕಪಾಟಿನ ಕ್ಯಾಮೆರಾಕ್ಕೆ ಒಂದು ಫ್ಲಾಷ್ ಬೇಕು

ನಿಮ್ಮ ಶಾಲೆಯ ಲಿಟಲ್ ಕೈಟ್ಸ್ ಘಟಕದ ಡಿಎಸ್‌ಎಲ್‌ಆರ್ ಕ್ಯಾಮೆರಾ ಈಗ ಎಲ್ಲಿದೆ? ಹೆಚ್ಚಿನ ಕಡೆ ಉತ್ತರ ಒಂದೇ: ಕಪಾಟಿನಲ್ಲಿ. ಶಾಲಾ ವಾರ್ಷಿಕೋತ್ಸವಕ್ಕೆ ಹೊರಗೆ ಬರುತ್ತದೆ, ಶಾಸ್ತ್ರಮೇಳದಲ್ಲಿ ಬಹುಮಾನ ಬಂದರೆ ಇನ್ನೊಮ್ಮೆ ಬರುತ್ತದೆ, ಮತ್ತೆ ಒಳಗೆ. ಹಾಳಾದರೆ ಸ್ಟಾಕ್ ರಿಜಿಸ್ಟರಿಗೆ ಯಾರು ಉತ್ತರ ಹೇಳುವುದು ಎಂಬ ಹೆದರಿಕೆ. ಈ ಹೆದರಿಕೆ ಸುಳ್ಳಲ್ಲ, ನನಗೂ ಇದೆ. ಆದರೂ ಆ ಕ್ಯಾಮೆರಾವನ್ನು ವಿಜ್ಞಾನ ಕೊಠಡಿಗೆ ತರಬೇಕು, ಅದರ ಜೊತೆಗೆ ಬ್ಯಾಟರಿಯಲ್ಲಿ ನಡೆಯುವ ಒಂದು ಸಣ್ಣ ಫ್ಲಾಷನ್ನೂ ತರಬೇಕು ಅಂತ ಹೇಳುವುದಕ್ಕೇ ಈ ಬರಹ.

ಮೊದಲಿಗೆ ಒಂದು ಗೊಂದಲ ತೆಗೆದುಬಿಡುವ. ಮೊಬೈಲಿನ ಹಿಂದೆ ಇರುವುದು ನಿಜವಾದ ಅರ್ಥದಲ್ಲಿ ಫ್ಲಾಷ್ ಅಲ್ಲ. ಅದು ಎಲ್‌ಇಡಿ, ಸಣ್ಣ ಟಾರ್ಚು. ನಾನು ಹೇಳುವುದು ಮದುವೆ ಮನೆಯಲ್ಲಿ ಫೋಟೋಗ್ರಾಫರರು ಕ್ಯಾಮೆರಾದ ತಲೆಯ ಮೇಲೆ ಸಿಕ್ಕಿಸುತ್ತಾರಲ್ಲ, ಆ ಕ್ಸೆನಾನ್ ಕೊಳವೆಯ ಫ್ಲಾಷ್. ಒಳಗೆ ನಾಲ್ಕು ಪೆನ್ಸಿಲ್ ಸೆಲ್ಲು. ರೀಚಾರ್ಜ್ ಆಗುವ ಸೆಲ್ಲಾದರೆ ಒಂದಕ್ಕೆ 1.2 ವೋಲ್ಟ್, ನಾಲ್ಕಕ್ಕೆ 4.8. ಇಷ್ಟರಿಂದ ಕ್ಸೆನಾನ್ ಅನಿಲ ಬೆಳಗುವುದಿಲ್ಲ. ಹಾಗಾಗಿ ಒಂದು ಸಣ್ಣ ಆಂದೋಲಕ ಮಂಡಲ ಡಿಸಿಯನ್ನು ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ, ಅಲ್ಲಿ ಏರಿದ ವೋಲ್ಟೇಜು ಸುಮಾರು 300ರವರೆಗೆ ಒಂದು ದೊಡ್ಡ ಕೆಪಾಸಿಟರನ್ನು ತುಂಬುತ್ತದೆ. ಸ್ವಿಚ್ಚು ಹಾಕಿದ ಕೂಡಲೇ ಸೊಳ್ಳೆಯ ಹಾಗೆ ಕುಂಯ್ ಎನ್ನುವ ಸದ್ದು ಕೇಳುತ್ತದಲ್ಲ, ಅದು ಇದೇ. ಹತ್ತನೇ ತರಗತಿಯವರಿಗೆ ಟ್ರಾನ್ಸ್‌ಫಾರ್ಮರ್ ಪಾಠ ಮಾಡುವ ದಿನ ಈ ಸದ್ದು ಕೇಳಿಸಿ ನೋಡಿ.

ಈಗ ಲೆಕ್ಕಕ್ಕೆ ಬರುವ. ಕೆಪಾಸಿಟರ್ 1000 ಮೈಕ್ರೋಫ್ಯಾರಡ್, ವೋಲ್ಟೇಜು 300 ಎಂದು ಇಟ್ಟುಕೊಳ್ಳಿ. ಅರ್ಧ ಗುಣಿಸು ಧಾರಕತೆ ಗುಣಿಸು ವೋಲ್ಟೇಜಿನ ವರ್ಗ: 45 ಜೂಲ್. ಮಕ್ಕಳು "ಇಷ್ಟೇನಾ ಟೀಚರ್?" ಅಂತ ಕೇಳುತ್ತಾರೆ. ಇಷ್ಟೇ. 9 ವಾಟಿನ ಎಲ್‌ಇಡಿ ಬಲ್ಬು 5 ಸೆಕೆಂಡಿನಲ್ಲಿ ತಿನ್ನುವಷ್ಟು. ಆದರೆ ಫ್ಲಾಷ್ ಅದನ್ನು ಸುಮಾರು 1/300 ಸೆಕೆಂಡಿನಲ್ಲಿ ಹೊರಗೆ ಹಾಕುತ್ತದೆ. 45ನ್ನು 300ರಿಂದ ಗುಣಿಸಿದರೆ 13,500 ವಾಟ್. 600 ವಾಟಿನ ಮಿಕ್ಸಿ ಇಪ್ಪತ್ತಕ್ಕಿಂತಲೂ ಹೆಚ್ಚು ಒಟ್ಟಿಗೆ ತಿರುಗಿದ ಹಾಗೆ! ಶಕ್ತಿ ಬೇರೆ, ಸಾಮರ್ಥ್ಯ ಬೇರೆ ಎಂದು ನಾವು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇವೆ? ಬರೆದುಕೊಂಡ ಮಕ್ಕಳೇ ಪರೀಕ್ಷೆಯಲ್ಲಿ ಎರಡನ್ನೂ ಬೆರೆಸುತ್ತಾರೆ. ಈ ಲೆಕ್ಕ ಮಾಡಿದ ಮೇಲೆ ನನ್ನ ತರಗತಿಯಲ್ಲಿ ಬೆರೆಸುವವರು ಕಡಿಮೆಯಾದರು.

ಇನ್ನೂ ಒಂದು ಲೆಕ್ಕ ಇದರಲ್ಲೇ ಇದೆ. 2000 ಮಿಲಿಆಂಪಿಯರ್ ಅವರ್‌ನ ನಾಲ್ಕು ಸೆಲ್ಲುಗಳಲ್ಲಿ ಒಟ್ಟು 34,560 ಜೂಲ್. 45ರಿಂದ ಭಾಗಿಸಿದರೆ 768 ಸಲ ಫ್ಲಾಷ್ ಬೆಳಗಬೇಕು. ಪೆಟ್ಟಿಗೆಯ ಮೇಲೆ ನೋಡಿದರೆ ಇನ್ನೂರು ಚಿಲ್ಲರೆ ಎಂದು ಇರುತ್ತದೆ. ಉಳಿದದ್ದು ಎಲ್ಲಿ ಹೋಯಿತು? ಸೆಲ್ಲಿನ ಒಳರೋಧ, ಟ್ರಾನ್ಸಿಸ್ಟರಿನ ಬಿಸಿ, ಟ್ರಾನ್ಸ್‌ಫಾರ್ಮರಿನ ಬಿಸಿ ಎಂದು ನಾವು ಹೇಳುವ ಮೊದಲು ಅವರೇ ಸೆಲ್ಲು ತೆಗೆದು ಮುಟ್ಟಿ ನೋಡಲಿ. "ನೀವು ಹಿಡಿದ ಸಾವಿರ ಮೈಕ್ರೋಫ್ಯಾರಡ್ಡೇ ಕಡಿಮೆ ಆಗಿರಬಹುದಲ್ವಾ?" ಅಂತ ಒಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ಪಠ್ಯಪುಸ್ತಕದ ಲೆಕ್ಕಗಳಲ್ಲಿ ದತ್ತಾಂಶವನ್ನೇ ಅನುಮಾನಿಸುವ ಅವಕಾಶ ಎಲ್ಲಿ ಸಿಗುತ್ತದೆ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಬೆಳಕು ಇರುವ ಹೊತ್ತು. ಈ ಫ್ಲಾಷುಗಳಲ್ಲಿ ಬೆಳಕು ಕಡಿಮೆ ಮಾಡುವ ಗುಂಡಿ ಇದೆ: 1/2, 1/4, ಹೀಗೆ 1/128ರವರೆಗೆ. ಕಡಿಮೆ ಮಾಡುವುದು ಎಂದರೆ ದೀಪವನ್ನು ಮಂದ ಮಾಡುವುದಲ್ಲ, ಹರಿಯುತ್ತಿರುವ ವಿದ್ಯುತ್ತನ್ನು ನಡುವೆಯೇ ಕಡಿದುಹಾಕುವುದು. ಹಾಗಾಗಿ ಬೆಳಕು ಕಡಿಮೆಯಾದಷ್ಟೂ ಹೊತ್ತೂ ಕಡಿಮೆ. 1/128ರಲ್ಲಿ ಅದು ಸುಮಾರು 1/20,000 ಸೆಕೆಂಡ್. 80 ಸೆಂಟಿಮೀಟರ್ ಮೇಲಿಂದ ಬಿದ್ದ ನೀರಿನ ಹನಿಯ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 4 ಮೀಟರ್. 1/300 ಸೆಕೆಂಡಿನಲ್ಲಿ ಅದು 13 ಮಿಲಿಮೀಟರ್ ಓಡಿರುತ್ತದೆ, ಫೋಟೋದಲ್ಲಿ ಬರುವುದು ಗೆರೆ. 1/20,000 ಸೆಕೆಂಡಿನಲ್ಲಿ ಓಡುವುದು 0.2 ಮಿಲಿಮೀಟರ್. ಹನಿ ಹನಿಯ ಹಾಗೇ ನಿಲ್ಲುತ್ತದೆ, ಬಿದ್ದ ಮೇಲೆ ಏಳುವ ಕಿರೀಟವೂ ನಿಲ್ಲುತ್ತದೆ. ನಮ್ಮ ಊರಿನಲ್ಲಿ ಜೂನ್ ತಿಂಗಳಿಡೀ ಮಾಡಿನ ಅಂಚಿನಿಂದ ಬೀಳುವುದು ಇದೇ ಹನಿ. ನಾವು ಯಾರೂ ಅದನ್ನು ನೋಡಿಯೇ ಇಲ್ಲ.

ಇದು ಹೊಸ ವಿದ್ಯೆ ಏನಲ್ಲ ಮಾರ್ರೆ. 1851ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಫಾಕ್ಸ್ ಟಾಲ್ಬಟ್ ಅವರು ವೃತ್ತಪತ್ರಿಕೆಯ ತುಂಡೊಂದನ್ನು ತಿರುಗುವ ಚಕ್ರಕ್ಕೆ ಅಂಟಿಸಿ, ಲೇಡನ್ ಜಾಡಿಗಳ ಕಿಡಿಯ ಬೆಳಕಿನಲ್ಲಿ ಅದರ ಅಕ್ಷರ ಓದುವಂತೆ ಚಿತ್ರ ತೆಗೆದರು. ಲೇಡನ್ ಜಾಡಿ ಅಂದರೆ ಕೆಪಾಸಿಟರೇ ತಾನೆ. 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಜರ್ಟನ್ ಅವರು ತಿರುಗುವ ಮೋಟಾರುಗಳನ್ನು ನೋಡಲೆಂದು ಸ್ಟ್ರೋಬ್ ದೀಪ ಬೆಳೆಸಿದರು, ಆಮೇಲೆ ಹಾಲಿನ ಹನಿಯ ಕಿರೀಟದ ಚಿತ್ರದಿಂದ ಜಗತ್ತಿಗೇ ಪರಿಚಯವಾದರು. ಆಗ ಅದಕ್ಕೆ ಕೊಠಡಿ ತುಂಬ ಉಪಕರಣ ಬೇಕಿತ್ತು. ಈಗ ಅದು ಅಂಗೈಯಲ್ಲಿ ಹಿಡಿಸುತ್ತದೆ. ನಾವು ಮಾತ್ರ ಪುಸ್ತಕದಲ್ಲಿ ಅಚ್ಚಾದ ಚಿತ್ರವನ್ನೇ ತೋರಿಸುತ್ತಾ ಇದ್ದೇವೆ.

ಒಂಬತ್ತನೇ ತರಗತಿಯ ಚಲನೆಯ ಪಾಠಕ್ಕೆ ನಾನು ಮಾಡಿ ನೋಡಿದ್ದು ಹೀಗೆ. ಫ್ಲಾಷ್‌ನಲ್ಲಿ ಮಲ್ಟಿ ಎಂಬ ವ್ಯವಸ್ಥೆ ಇದ್ದರೆ ಸೆಕೆಂಡಿಗೆ ಇಂತಿಷ್ಟು ಸಲ ಬೆಳಗು ಎಂದು ಹೇಳಬಹುದು. 20 ಎಂದು ಇಟ್ಟೆವು. ಬೆಳಕು 1/32 ಅಥವಾ ಅದಕ್ಕಿಂತ ಕೆಳಗೆ. ಕಿಟಕಿಗೆಲ್ಲ ಬಟ್ಟೆ, ಹಿಂದೆ ಕಪ್ಪು ಬಟ್ಟೆ, ಪಕ್ಕದಲ್ಲಿ ಮೀಟರ್ ಸ್ಕೇಲ್, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಶಟರ್ ಒಂದು ಸೆಕೆಂಡ್ ತೆರೆದಿಟ್ಟು, ಬಿಳಿ ಬಣ್ಣ ಬಳಿದ ರಬ್ಬರ್ ಚೆಂಡನ್ನು ಮೇಲಿಂದ ಬಿಡುವುದು. ಟೇಬಲ್ ಟೆನ್ನಿಸ್ ಚೆಂಡು ಬೇಡ, ತೀರಾ ಹಗುರ, ಗಾಳಿಯ ತಡೆ ಲೆಕ್ಕ ಕೆಡಿಸುತ್ತದೆ. ಒಂದೇ ಚಿತ್ರದಲ್ಲಿ ಎಂಟೊಂಬತ್ತು ಚೆಂಡು ಸಾಲಾಗಿ ಬರುತ್ತವೆ, ಕೆಳಗೆ ಹೋದ ಹಾಗೆ ಅಂತರ ಜಾಸ್ತಿ. ಚೆಂಡು ಬಿಟ್ಟ ಕ್ಷಣಕ್ಕೇ ಮೊದಲ ಬೆಳಕು ಬರಬೇಕೆಂದಿಲ್ಲ, ಬರುವುದೂ ಇಲ್ಲ. ತೊಂದರೆಯಿಲ್ಲ, ಒಂದು ಅಂತರಕ್ಕೂ ಮುಂದಿನ ಅಂತರಕ್ಕೂ ಇರುವ ವ್ಯತ್ಯಾಸ ಎಲ್ಲ ಕಡೆ 2.45 ಸೆಂಟಿಮೀಟರ್ ಬರಬೇಕು, ಏಕೆಂದರೆ ಅದು 9.8 ಗುಣಿಸು 0.05ರ ವರ್ಗ. ಅದರಿಂದ ಹಿಂದಕ್ಕೆ ಹೋಗಿ ಮಕ್ಕಳು ಗುರುತ್ವ ವೇಗೋತ್ಕರ್ಷ ಕಂಡುಹಿಡಿದರು. ನಮಗೆ ಸಿಕ್ಕಿದ ಉತ್ತರಗಳು 9.3ಕ್ಕೂ 10.2ಕ್ಕೂ ನಡುವೆ ಇದ್ದವು. ಸ್ಕೇಲು ಚೆಂಡು ಬೀಳುವ ಸಮತಲದಲ್ಲೇ ಇರಬೇಕು ಎಂಬುದನ್ನು ಮರೆತರೆ ಮಾತ್ರ ಉತ್ತರ ಎಲ್ಲಿಗೋ ಹೋಗುತ್ತದೆ.

"ಈಗ ಮೊಬೈಲಿನಲ್ಲೇ ಸ್ಲೋಮೋಷನ್ ಇದೆಯಲ್ಲಾ, ಇದೆಲ್ಲ ಯಾಕೆ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಮಾತು. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲಿದ್ದರೆ ಚೆಂಡಿನ ಪ್ರಯೋಗವನ್ನು ಅದರಲ್ಲೇ ಮಾಡಿ, ಧಾರಾಳವಾಗಿ. ಆದರೆ ಅಲ್ಲಿ ಕೆಲಸ ಮಾಡುವುದು ಯಾರಿಗೂ ಕಾಣದ ಚಿಪ್ಪು. ಫ್ಲಾಷ್‌ನಲ್ಲಿ ಸಮಯವನ್ನು ಕತ್ತರಿಸುವುದು ಬೆಳಕು ಎಂದು ಮಗುವಿಗೆ ಕಣ್ಣಾರೆ ಗೊತ್ತಾಗುತ್ತದೆ. ಅಲ್ಲದೆ 240ರ ವೇಗಕ್ಕೆ ಹನಿಯ ಕಿರೀಟ ಸ್ಪಷ್ಟವಾಗಿ ಸಿಗುವುದು ಕಷ್ಟ. ಒಂದು ಸಮಾಧಾನದ ಸಂಗತಿ ಇದೆ: ಕತ್ತಲ ಕೋಣೆಯಲ್ಲಿ ಶಟರ್ ತೆರೆದಿಟ್ಟು ಫ್ಲಾಷ್‌ನ ಟೆಸ್ಟ್ ಗುಂಡಿಯನ್ನು ಕೈಯಲ್ಲೇ ಒತ್ತಿದರೆ ಆಯಿತು, ಕ್ಯಾಮೆರಾಕ್ಕೂ ಫ್ಲಾಷಿಗೂ ಸಂಬಂಧವೇ ಬೇಡ. ಹಾಗಾಗಿ ಒಂದೆರಡು ಸೆಕೆಂಡ್ ಶಟರ್ ಇಡಲು ಬಿಡುವ ಯಾವ ಮೊಬೈಲಾದರೂ ನಡೆಯುತ್ತದೆ. ಕಪಾಟಿನ ಕೀಲಿಕೈ ಸಿಗದ ಶಾಲೆಯವರು ಗಮನಿಸಿ.

ವಿಲೋಮ ವರ್ಗ ನಿಯಮಕ್ಕೂ ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಫ್ಲಾಷಿಗೆ ಗೈಡ್ ನಂಬರ್ ಎಂಬ ಸಂಖ್ಯೆ ಇರುತ್ತದೆ. ಅದು 32 ಆದರೆ 4 ಮೀಟರ್ ದೂರಕ್ಕೆ ಎಫ್ 8, 8 ಮೀಟರಿಗೆ ಎಫ್ 4, 2 ಮೀಟರಿಗೆ ಎಫ್ 16. ಗುಣಲಬ್ಧ ಯಾವಾಗಲೂ 32. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಕ್ಯಾಮೆರಾದ ಕಿಂಡಿಯ ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಅಷ್ಟೇ. ಇದನ್ನು ಸುಣ್ಣ ಬಳಿದ ತರಗತಿಯೊಳಗೆ ಮಾಡಬೇಡಿ, ಗೋಡೆಯಿಂದ ಬೆಳಕು ತಿರುಗಿ ಬಂದು ನಿಯಮವೇ ಸುಳ್ಳು ಅನಿಸುತ್ತದೆ. ಶಿಬಿರದ ರಾತ್ರಿ ಅಂಗಳದಲ್ಲಿ ಮಾಡಿ.

ಎಚ್ಚರಿಕೆಯ ಮಾತನ್ನು ಸಣ್ಣ ಅಕ್ಷರದಲ್ಲಿ ಬರೆದು ಮುಗಿಸಲು ನನಗೆ ಇಷ್ಟವಿಲ್ಲ. ಫ್ಲಾಷನ್ನು ಬಿಚ್ಚಬಾರದು. ಸೆಲ್ಲು ತೆಗೆದ ಮೇಲೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ, ಅದು ಜೀವಕ್ಕೇ ಅಪಾಯ. ಹಳೆ ಕ್ಯಾಮೆರಾದ ಫ್ಲಾಷ್ ಬಿಚ್ಚಿ ಏನೇನೋ ಮಾಡುವ ವೀಡಿಯೋಗಳನ್ನು ಹುಡುಗರು ನೋಡಿಯೇ ನೋಡುತ್ತಾರೆ, ನಾವೇ ಮೊದಲು ಹೇಳಿಬಿಡುವುದು ಒಳ್ಳೆಯದು. ತೀರಾ ಹಳೆಯ ಫ್ಲಾಷ್ ಯಾರೋ ದಾನ ಕೊಟ್ಟರೆ ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸಬೇಡಿ. ಕೆಲವದರಲ್ಲಿ ಟ್ರಿಗ್ಗರ್ ವೋಲ್ಟೇಜು ಕ್ಯಾಮೆರಾ ಸುಡುವಷ್ಟು ಇರುತ್ತದೆ. ಮಲ್ಟಿ ಬಳಸುವ ಮೊದಲು ಅಪಸ್ಮಾರ ಇರುವ ಮಕ್ಕಳಿದ್ದಾರೆಯೇ ಎಂದು ಮನೆಯವರಲ್ಲಿ ಕೇಳಿ, ಇದ್ದರೆ ಆ ಪ್ರಯೋಗವೇ ಬೇಡ, ಚಿತ್ರವನ್ನಷ್ಟೇ ತೋರಿಸಿ. ಹಕ್ಕಿಗೂಡಿನ ಹತ್ತಿರ, ಬಾವಲಿಗಳ ಮರದ ಕೆಳಗೆ ಫ್ಲಾಷ್ ಒಯ್ಯುವುದು ನನಗೆ ಸಮ್ಮತವಿಲ್ಲ. ಆಟದಲ್ಲಿ ರಂಗಸ್ಥಳದ ಬುಡದಲ್ಲೇ ಕೂತು ವೇಷದ ಕಣ್ಣಿಗೆ ಹೊಡೆಯುವವರ ಬಗ್ಗೆ ಹೇಳಲು ಹೊರಟರೆ ಇನ್ನೊಂದು ಲೇಖನ ಆದೀತು.

ಖರ್ಚು? ನಮಗೆ ಬೇಕಾದದ್ದು ಕೈಯಲ್ಲೇ ಹೊಂದಿಸುವ ಸಾದಾ ಮಾದರಿ. ಮಲ್ಟಿ ಇರಬೇಕು, 1/128ರವರೆಗೆ ಇಳಿಯಬೇಕು, ಇವೆರಡು ಬಿಟ್ಟರೆ ಬೇರೆ ಸೌಕರ್ಯಕ್ಕೆ ದುಡ್ಡು ಹಾಕಬೇಡಿ. ಲಿಥಿಯಂ ಬ್ಯಾಟರಿಯ ದೊಡ್ಡ ಸ್ಟುಡಿಯೋ ದೀಪಗಳೂ ಈಗ ಹೊತ್ತೊಯ್ಯುವ ಗಾತ್ರದಲ್ಲಿ ಬರುತ್ತಿವೆ, ಅವು ಮದುವೆಯವರಿಗಿರಲಿ. ಕ್ಯಾಮೆರಾದ ಮೇಲೆಯೇ ಸಿಕ್ಕಿಸಿ ಬಳಸುವುದಾದರೆ ಸಿಕ್ಕಿಸುವ ಜಾಗದ ನಡುವೆ ಲೋಹದ ಚುಕ್ಕೆ ಇದೆಯೇ ಎಂದು ಮೊದಲು ನೋಡಿ, ಕೆಲವು ಅಗ್ಗದ ಕ್ಯಾಮೆರಾಗಳಲ್ಲಿ ಅದಿಲ್ಲ.

ಪ್ರತಿ ಶಾಲೆಯೂ ಕೊಳ್ಳಲಿ ಎಂದು ನಾನು ಹೇಳುವುದಿಲ್ಲ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಿಗೆ ಒಂದೊಂದರಂತೆ ನಮ್ಮ ಸಂಘವೇ ಮೂರು ಕೊಂಡು, ತಿಂಗಳಿಗೊಂದು ಶಾಲೆಯಂತೆ ಕಳಿಸಲಿ. ಸ್ಟಾಕು ಸಂಘದ ಹೆಸರಲ್ಲಿರಲಿ. ಆಗ ಹೆಡ್‌ಮಾಷ್ಟ್ರ ತಲೆಬಿಸಿಯೂ ಇಲ್ಲ, ಕಪಾಟೂ ಬೇಡ. ಜೊತೆಗೆ ಕನ್ನಡದಲ್ಲಿ ನಾಲ್ಕು ಪುಟದ ಬಳಕೆಯ ಟಿಪ್ಪಣಿ. ತರಬೇತಿಯ ಸಾಮಗ್ರಿ ನಮಗೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಸಿಕ್ಕಿ, ಅದನ್ನು ತರಗತಿಯಲ್ಲೇ ನಿಂತು ಕನ್ನಡಕ್ಕೆ ತಿರುಗಿಸುವ ಕಷ್ಟ ನಿಮಗೆ ಹೇಳಬೇಕಾಗಿಲ್ಲ. ಟಿಪ್ಪಣಿ ಬರೆಯುವ ಕೆಲಸ ನಾನು ಮಾಡುತ್ತೇನೆ. ದುಡ್ಡಿಗೆ ವಾರ್ಷಿಕ ಸಭೆಯ ಶಾಲು, ಸ್ಮರಣಿಕೆಗಳ ಲೆಕ್ಕವನ್ನು ಒಮ್ಮೆ ತೆಗೆದು ನೋಡಿ ಎಂದಷ್ಟೇ ಪದಾಧಿಕಾರಿಗಳಲ್ಲಿ ವಿನಂತಿ.

ಮತ್ತೆ, ಕೊಂಡರೆ ಒಂದು ನೆನಪಿರಲಿ: ಮಧ್ಯಬೇಸಿಗೆ ರಜೆಗೆ ಶಾಲೆ ಮುಚ್ಚುವಾಗ ಸೆಲ್ಲು ಹೊರಗೆ ತೆಗೆದಿಡಿ. ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಸೆಲ್ಲು ಸೋರಿ, ಒಳಗಿನ ಸ್ಪ್ರಿಂಗು ಹಸಿರು ಹಿಡಿದಿರುತ್ತದೆ.