ಸಣ್ಣ ಜೆಟ್ ವಿಮಾನ ಮತ್ತು ಕರಾರಿನ ಒಂದು ಸಾಲು



ಬೀದರಿನಿಂದ ಬೆಂಗಳೂರಿಗೆ ವಿಮಾನ ಮೂರು ಸಲ ಶುರುವಾಗಿದೆ. ಮೊದಲ ಸಲ 2020ರ ಫೆಬ್ರವರಿ 7ರಂದು, ನಮ್ಮ ಹೈದರಾಬಾದಿನ ಟ್ರೂಜೆಟ್ ಕಂಪನಿಯದು. ಆ ಕಂಪನಿಯೇ 2022ರಲ್ಲಿ ಹಾರಾಟ ನಿಲ್ಲಿಸಿತು. ಅದೇ ವರ್ಷ ಸ್ಟಾರ್ ಏರ್ ಕಂಪನಿ ಬಂತು. 2023ರ ಡಿಸೆಂಬರಿನಲ್ಲಿ ಅದೂ ನಿಂತಿತು. 2025ರ ಏಪ್ರಿಲಿನಲ್ಲಿ ಮತ್ತೆ ಶುರುವಾದದ್ದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದ ಆಸರೆಯಿಂದ. ನಷ್ಟವನ್ನು ಮಂಡಳಿ ತುಂಬಿಕೊಡುವುದೆಂದು ಸರಕಾರ ಒಪ್ಪಿದ ಮೇಲೆಯೇ ವಿಮಾನ ಮೇಲೆದ್ದಿತು.

ಇದಕ್ಕೆಲ್ಲ ಮುಂಚೆ ಬೀದರಿನ ನಿಲ್ದಾಣ ವರ್ಷಗಟ್ಟಲೆ ಸುಮ್ಮನೆ ಕುಳಿತಿತ್ತು. ನಮ್ಮ ಶಂಷಾಬಾದ್ ನಿಲ್ದಾಣದ ಕರಾರಿನಲ್ಲಿ, 150 ಕಿಲೋಮೀಟರಿನೊಳಗೆ ಇನ್ನೊಂದು ನಿಲ್ದಾಣ ಕೂಡದೆಂದು ಒಂದು ಸಾಲು ಇತ್ತು. ಆ ಒಂದು ಸಾಲು ಇಡೀ ಜಿಲ್ಲೆಯ ವಿಮಾನವನ್ನು ತಡೆದು ನಿಲ್ಲಿಸಿತು. ಕರಾರಿನ ಸಾಲಿಗೆ ಎಂಥ ಬಲವಿದೆಯೆಂಬುದನ್ನು ಓದುಗರು ಮನಸ್ಸಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲ ಅದನ್ನು ಕುರಿತೇ.

ವಿಮಾನ ಹತ್ತದವರಿಗೆ ವಿಮಾನದ ಮಾತೇಕೆ ಎಂದು ಕೇಳುವವರುಂಟು. ನಮ್ಮಲ್ಲಿ ಬೀದರ, ಕಲಬುರಗಿ, ರಾಯಚೂರಿನ ಕಡೆಯವರು ಬಹಳ ಮಂದಿ. ಮಂಡಳಿಯ ಹಣವೆಂದರೆ ಆ ಜಿಲ್ಲೆಗಳ ಜನರ ಹಣ. ಹಬ್ಬಕ್ಕೆ ಊರಿಗೆ ಹೊರಟವನು ನಾಂಪಲ್ಲಿ ಸ್ಟೇಷನ್ನಿನಲ್ಲಿ ಜನರಲ್ ಡಬ್ಬಿಯ ಬಾಗಿಲಿಗೆ ಜೋತುಬೀಳುವಾಗ, ಅವನ ಊರಿನ ಪಾಲಿನ ಹಣ ಆಕಾಶದಲ್ಲಿ ಹೋಗುತ್ತಿದೆ. ವಿಮಾನ ಬೇಡವೆನ್ನುವುದು ನಮ್ಮ ಮಾತಲ್ಲ. ಬೀದರಿನ ರೋಗಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆ ಒಂದು ಗಂಟೆಯ ಚಿಲ್ಲರೆ ಹಾದಿಯಾಗುವುದು ಸಣ್ಣ ಸಂಗತಿಯಲ್ಲ. ಆದರೆ ಹಣ ಕೊಡುವವನಿಗೆ ಲೆಕ್ಕ ಕೇಳುವ ಹಕ್ಕುಂಟು.

ಲೆಕ್ಕ ಹೋಟೆಲಿನವರಿಗೆ ಬೇಗ ತಿಳಿಯುತ್ತದೆ. ಒಲೆ ಹೊತ್ತಿಸಿದ ಮೇಲೆ ಇಪ್ಪತ್ತು ಗಿರಾಕಿ ಬಂದರೂ ಇನ್ನೂರು ಗಿರಾಕಿ ಬಂದರೂ ಅಡುಗೆ ಭಟ್ಟನ ಪಗಾರ ಒಂದೇ, ಅಂಗಡಿಯ ಬಾಡಿಗೆ ಒಂದೇ. ವಿಮಾನವೂ ಹಾಗೆಯೇ. 180 ಸೀಟಿನ ದೊಡ್ಡ ವಿಮಾನಕ್ಕೂ ಪೈಲಟರು ಇಬ್ಬರು, 50 ಸೀಟಿನದಕ್ಕೂ ಇಬ್ಬರು. ಸಣ್ಣ ಜೆಟ್ಟಿನಲ್ಲಿ ಒಂದೊಂದು ಸೀಟಿನ ಮೇಲೆ ಬೀಳುವ ಖರ್ಚು ಹೆಚ್ಚು. ದೊಡ್ಡ ವಿಮಾನವನ್ನು ಬೀದರಿಗೆ ತಂದರೆ ಅರ್ಧ ಸೀಟು ಖಾಲಿ. ಸಣ್ಣದನ್ನು ತಂದರೆ ಟಿಕೇಟು ತುಟ್ಟಿ. ಆದುದರಿಂದಲೇ ಕೇಂದ್ರ ಸರಕಾರ ಉಡಾನ್ ಯೋಜನೆ ತಂದಿತು. 2017ರಲ್ಲಿ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ, ಅರ್ಧದಷ್ಟು ಸೀಟುಗಳಿಗೆ ಮಾತ್ರ, 2,500 ರೂಪಾಯಿಯ ಮಿತಿ ಹಾಕಿದರು. ಕಡಿಮೆ ಬಿದ್ದ ಹಣವನ್ನು ಮೂರು ವರ್ಷ ಕಂಪನಿಗೆ ತುಂಬಿಕೊಡುವ ಕರಾರು. ಮೂರು ವರ್ಷ ಮುಗಿದ ಮೇಲೆ? 2023ರಲ್ಲಿ ಮಹಾಲೇಖಪಾಲರ ವರದಿ ಬಂತು. ಕೊಟ್ಟ 774 ಮಾರ್ಗಗಳಲ್ಲಿ 403ರಲ್ಲಿ ವಿಮಾನವೇ ಹಾರಲಿಲ್ಲ. ಹಾರಿದ 371ರಲ್ಲಿ ಮೂರು ವರ್ಷ ಪೂರೈಸಿದವು 112. ಆ ಮೇಲೂ 2023ರ ಮಾರ್ಚಿನವರೆಗೆ ಉಳಿದವು 54.

ಈ ಸಣ್ಣ ಜೆಟ್ ಎಲ್ಲಿಯದು, ಏಕೆ ಇಷ್ಟೇ ಗಾತ್ರದ್ದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. 2019ರ ಜನವರಿಯಲ್ಲಿ ಹುಬ್ಬಳ್ಳಿಗೂ ಅದೇ ವರ್ಷದ ನವೆಂಬರ್ 22ರಂದು ಕಲಬುರಗಿಗೂ ಸ್ಟಾರ್ ಏರ್ ತಂದದ್ದು ಬ್ರೆಜಿಲ್ ದೇಶದ ಎಂಬ್ರೇಯರ್ ಕಾರಖಾನೆಯ ಇ.ಆರ್.ಜೆ. 145. 1969ರಲ್ಲಿ ಬ್ರೆಜಿಲ್ ಸರಕಾರವೇ ಕಟ್ಟಿದ ಕಾರಖಾನೆ ಅದು. ಹಣದ ಮುಗ್ಗಟ್ಟಿನಲ್ಲಿ ಸಾವಿರಾರು ಕೆಲಸಗಾರರನ್ನು ಹೊರಹಾಕಿ 1994ರಲ್ಲಿ ಖಾಸಗಿಯವರಿಗೆ ಮಾರಿದರು. ವಿಮಾನದ ನಕ್ಷೆಯಲ್ಲೂ ಬಡತನದ ಗುರುತಿದೆ. ಹೊಸ ಒಡಲು ಮಾಡುವ ಬದಲು, ತಮ್ಮಲ್ಲೇ ತಯಾರಾಗುತ್ತಿದ್ದ 30 ಸೀಟಿನ ಪಂಖದ ವಿಮಾನದ ಒಡಲನ್ನೇ ಉದ್ದ ಮಾಡಿದರು. ಹೀಗಾಗಿ ಸಾಲಿಗೆ ಮೂರೇ ಸೀಟು, ಓಣಿಯ ಈಚೆ ಒಂದು, ಆಚೆ ಎರಡು. ಇಂಜಿನ್ನುಗಳನ್ನು ಮೊದಲು ರೆಕ್ಕೆಯ ಮೇಲಿಡಲು ಯೋಚಿಸಿದರು, ಆಮೇಲೆ ರೆಕ್ಕೆಯ ಕೆಳಗೆ. ಕೆಳಗಿಟ್ಟರೆ ಗಾಲಿಯ ಕಾಲು ಬಹಳ ಎತ್ತರ ಮಾಡಬೇಕಾಗುತ್ತಿತ್ತು. ಕೊನೆಗೆ ಬಾಲದ ಹತ್ತಿರ ಸೇರಿಸಿದರು. 1995ರ ಆಗಸ್ಟಿನಲ್ಲಿ ಅದು ಮೊದಲು ಹಾರಿತು.

ಸೀಟು ಐವತ್ತೇ ಏಕೆ? ಒಂದು ಕಾರಣ, ಐವತ್ತರವರೆಗೆ ಒಬ್ಬ ಪರಿಚಾರಿಕೆ ಸಾಕು, ಐವತ್ತೊಂದನೆಯ ಸೀಟು ಹಾಕಿದರೆ ಇನ್ನೊಬ್ಬಳನ್ನು ನೇಮಿಸಬೇಕು ಎಂಬ ಕಾಯಿದೆ. ಇನ್ನೊಂದು ಕಾರಣ ಕೇಳಿದರೆ ನಮ್ಮ ಓದುಗರು ಕಿವಿ ನಿಮಿರಿಸಿಯಾರು. ಈ ವಿಮಾನಗಳನ್ನು ನೂರಾರು ಸಂಖ್ಯೆಯಲ್ಲಿ ಕೊಂಡವರು ಅಮೆರಿಕದ ಕಂಪನಿಗಳು. ಅಲ್ಲಿಯ ದೊಡ್ಡ ಕಂಪನಿಗಳು ಸಣ್ಣ ಊರುಗಳ ಹಾರಾಟವನ್ನು ಗುತ್ತಿಗೆಯ ಮರಿ ಕಂಪನಿಗಳಿಗೆ ಕೊಟ್ಟವು. ಮರಿ ಕಂಪನಿಯಲ್ಲಿ ಪೈಲಟರ ಪಗಾರ ಬಹಳ ಕಡಿಮೆ. ಹೀಗೆ ಬಿಟ್ಟರೆ ನಾಳೆ ನಮ್ಮ ಕೆಲಸವೆಲ್ಲ ಗುತ್ತಿಗೆಗೆ ಹೋದೀತೆಂದು ದೊಡ್ಡ ಕಂಪನಿಗಳ ಪೈಲಟರ ಯೂನಿಯನ್ನುಗಳು ಕರಾರಿನಲ್ಲಿ ಒಂದು ಸಾಲು ಬರೆಸಿದವು: ಗುತ್ತಿಗೆಯವರು ಇಷ್ಟು ಸೀಟಿಗಿಂತ ದೊಡ್ಡ ಜೆಟ್ ಹಾರಿಸಕೂಡದು. ಆ ಮಿತಿ ಮೊದಲು ಬಹಳ ಕಡೆ 50, ಆಮೇಲೆ 70, ಆಮೇಲೆ 76. 1997ರ ಫೆಬ್ರವರಿಯಲ್ಲಿ ಅಮೆರಿಕನ್ ಏರ್‌ಲೈನ್ಸಿನ ಪೈಲಟರು ಸಣ್ಣ ಜೆಟ್ಟುಗಳನ್ನು ಯಾರು ಹಾರಿಸಬೇಕೆಂಬ ಜಗಳದಲ್ಲೇ ಮುಷ್ಕರ ಹೂಡಿದರು; ಅಧ್ಯಕ್ಷ ಕ್ಲಿಂಟನ್ ಕೆಲವೇ ನಿಮಿಷಗಳಲ್ಲಿ ಅಪ್ಪಣೆ ಹೊರಡಿಸಿ ಅದನ್ನು ತಡೆದರು. ಎಂಬ್ರೇಯರಿನವರು ಆಮೇಲೆ ಹೊಸ ಇಂಜಿನ್ನಿನ, ಎಣ್ಣೆ ಉಳಿಸುವ ಇ-175 ಇ-2 ಎಂಬ ಜೆಟ್ ಮಾಡಿದರು. ಅದರ ತೂಕ ಯೂನಿಯನ್ನಿನ ಕರಾರು ಹೇಳಿದ ಮಿತಿಯನ್ನು ಮೀರಿತು. ಯೂನಿಯನ್ ಸಾಲನ್ನು ಸಡಿಲಿಸಲಿಲ್ಲ; 2022ರಲ್ಲಿ ಕಾರಖಾನೆ ಅದರ ಕೆಲಸವನ್ನೇ ತಡೆಹಿಡಿಯಿತು. ಸ್ಟಾರ್ ಏರ್ 2023ರಲ್ಲಿ ತಂದ ಹಳೆಯ ಇ-175ರಲ್ಲಿಯೂ ಸೀಟು 76.

ಇಂಜಿನಿಯರು ಎಳೆದ ಗೆರೆಯ ಮೇಲೆ ಕೆಲಸಗಾರರೂ ಒಂದು ಗೆರೆ ಎಳೆದರು ಎಂಬುದನ್ನು ಮೆಚ್ಚಬೇಕು. ಆದರೆ ಒಂದು ಮಾತು ಹೇಳದೆ ಬಿಡಲಾಗದು. ಆ ಗೆರೆಯ ಒಳಗಿದ್ದವರು ಉಳಿದರು, ಹೊರಗಿದ್ದ ಗುತ್ತಿಗೆ ಪೈಲಟರು ಹೊರಗೇ ಉಳಿದರು. 2001ರಲ್ಲಿ ಕೊಮೇರ್ ಎಂಬ ಮರಿ ಕಂಪನಿಯ ಪೈಲಟರು 89 ದಿನ ಮುಷ್ಕರ ಮಾಡಿ ಪಗಾರ ಏರಿಸಿಕೊಂಡರು. 2012ರಲ್ಲಿ ಮಾಲಿಕರು ಆ ಕಂಪನಿಯನ್ನೇ ಮುಚ್ಚಿದರು. ಮಿಲ್ಲಿನಲ್ಲಿ ಖಾಯಂ ಕೆಲಸಗಾರ ಬೇರೆ, ಬದಲಿ ಕೆಲಸಗಾರ ಬೇರೆ ಎಂದು ನೋಡಿದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬದಲಿಯವನನ್ನು ಬಿಟ್ಟು ಬರೆದ ಕರಾರು ಖಾಯಂನವನನ್ನೂ ಬಹುಕಾಲ ಕಾಯುವುದಿಲ್ಲ.

ಮಿಲ್ಲಿನ ಹೆಸರೆತ್ತಿದ ಮೇಲೆ ಇನ್ನೊಂದು ಲೆಕ್ಕ. ಕಲಬುರಗಿಯ ಎಂ.ಎಸ್.ಕೆ. ಮಿಲ್ ಮುಚ್ಚಿತು. ನಿಜಾಮರ ಕಾಲದಲ್ಲಿ, 1934ರಲ್ಲಿ ಎದ್ದ ವರಂಗಲ್ಲಿನ ಆಜಂ ಜಾಹಿ ಮಿಲ್ 2002ರಲ್ಲಿ ಮುಚ್ಚಿತು. ಆಗ ನಮಗೆ ಹೇಳಿದ ಮಾತು: ನಷ್ಟದಲ್ಲಿರುವುದನ್ನು ಸರಕಾರ ಎಷ್ಟು ದಿನ ಹೊರಬೇಕು? ಈಗ ನಷ್ಟದ ವಿಮಾನವನ್ನು ಹೊರಲು ಸರಕಾರಕ್ಕೆ ಹೆಗಲಿದೆ. ಸಾವಿರಾರು ಮನೆಗಳ ಒಲೆ ಉರಿಸಿದ ಮಿಲ್ಲಿಗೆ ಆ ಹೆಗಲು ಏಕೆ ಸಿಗಲಿಲ್ಲವೆಂದು ಕೇಳಿದರೆ ತಪ್ಪೇನು?

ಈಗ ಮಾತು ನಮ್ಮ ದೇಶದ ಕಾರಖಾನೆಯ ಬಾಗಿಲಿಗೇ ಬಂದಿದೆ. 2025ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಮುಖ್ಯ ಕಚೇರಿಯುಳ್ಳ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಮಾಸ್ಕೋದಲ್ಲಿ ಒಂದು ಒಡಂಬಡಿಕೆಗೆ ಸಹಿ ಹಾಕಿತು. ರಷ್ಯದ ಎಸ್.ಜೆ.-100 ಎಂಬ, ಸುಮಾರು ನೂರು ಸೀಟಿನ ಜೆಟ್ಟನ್ನು ಇಲ್ಲಿಯೇ ತಯಾರಿಸುವ ಉದ್ದೇಶ. ಸಣ್ಣ ಊರುಗಳ ಹಾರಾಟಕ್ಕೆ ಮುಂದಿನ ಹತ್ತು ವರ್ಷಗಳಲ್ಲಿ ಇಂಥ 200ಕ್ಕೂ ಹೆಚ್ಚು ವಿಮಾನ ಬೇಕಾದಾವೆಂದು ಸಂಸ್ಥೆ ಹೇಳಿದೆ. ಹಿಂದೆ 1961ರಿಂದ 1988ರವರೆಗೆ ಇದೇ ಸಂಸ್ಥೆ ಕಾನಪುರದಲ್ಲಿ ಆವ್ರೋ ವಿಮಾನಗಳನ್ನು ಮಾಡಿತ್ತು. ಒಟ್ಟು 89, ಅವುಗಳಲ್ಲಿ ಇಂಡಿಯನ್ ಏರ್‌ಲೈನ್ಸಿಗೆ 17. ದೇಶದಲ್ಲಿ ಪ್ರಯಾಣಿಕರ ಇಡೀ ಜೆಟ್ ವಿಮಾನ ತಯಾರಾಗುವುದು ಇದೇ ಮೊದಲಾದೀತು. ಒಳ್ಳೆಯ ಸುದ್ದಿ. ಐ.ಟಿ.ಐ. ಮುಗಿಸಿ ಇಲ್ಲಿಯ ಹೋಟೆಲುಗಳಲ್ಲಿ ತಟ್ಟೆ ಎತ್ತುತ್ತಿರುವ ನಮ್ಮ ಹುಡುಗರ ಕೈಗೆ ಸ್ಪಾನರು ಬರುವ ದಾರಿ ಇದರಲ್ಲಿದೆ. ಆದರೆ ಇನ್ನೂ ಮುಖ್ಯ ಕರಾರು ಆಗಬೇಕಾಗಿದೆ, ಎಂದರೆ ಸಾಲುಗಳನ್ನು ಬರೆಯುವ ಕಾಲ ಇದೇ. ಕೆಲಸ ಖಾಯಂ ಆಗಿರಬೇಕೆಂದು, ಗುತ್ತಿಗೆಯವನಿಗೂ ಅದೇ ಕೆಲಸಕ್ಕೆ ಅದೇ ಪಗಾರವೆಂದು ಈಗಲೇ ಬರೆಸದಿದ್ದರೆ ಮೊದಲ ವಿಮಾನ ಹಾರಿದ ಮೇಲೆ ಯಾರು ಕೇಳುತ್ತಾರೆ?

ಬೀದರಿನ ವಿಮಾನಕ್ಕೂ ಹಾಗೆಯೇ. ಮಂಡಳಿ ಹಣ ಕೊಡಲಿ, ಆದರೆ ಹಣದ ಜೊತೆ ಒಂದು ಸಾಲನ್ನೂ ಕೊಡಲಿ: ನಿಲ್ದಾಣದಲ್ಲಿ ಸಾಮಾನು ಹೊರುವವರ, ಗುಡಿಸುವವರ, ಕಾವಲಿನವರ ಪಗಾರವೂ ಪ್ರಾವಿಡೆಂಟ್ ಫಂಡೂ ಸಂದಾಯವಾದ ರಸೀದಿ ತೋರಿಸಿದ ಮೇಲೆಯೇ ಕಂಪನಿಗೆ ಮುಂದಿನ ಕಂತು. ವಿಮಾನ ನಿಂತರೆ ಅವರಿಗೆ ಎಷ್ಟು ತಿಂಗಳ ಪಗಾರವೆಂಬುದೂ ಅದರಲ್ಲಿರಲಿ. ಹಬ್ಬದ ದಿನಗಳಲ್ಲಿ ಬೀದರ, ಕಲಬುರಗಿಯ ಗಾಡಿಗಳಿಗೆ ಇನ್ನೆರಡು ಜನರಲ್ ಡಬ್ಬಿ ಜೋಡಿಸಬೇಕೆಂದು ರೈಲ್ವೆಯವರಿಗೆ ಬರೆಯುವ ಅರ್ಜಿಯನ್ನು ಬೇರೆಯಾಗಿಯೇ ತಯಾರಿಸುತ್ತಿದ್ದೇವೆ.

ಈ ವಿಷಯದ ಠರಾವು ಮುಂದಿನ ತಿಂಗಳ ಸಭೆಗೆ ಬರುತ್ತದೆ. ಸಭೆ ನಾಂಪಲ್ಲಿಯಲ್ಲಿ, ಹೋಟೆಲುಗಳು ಬಾಗಿಲು ಹಾಕಿದ ಮೇಲೆ ರಾತ್ರಿ ಹನ್ನೊಂದಕ್ಕೆ. ಬೀದರ ಕಡೆಯ ಸದಸ್ಯರು ತಮ್ಮ ಊರಿನ ನಿಲ್ದಾಣದಲ್ಲಿ ಕೆಲಸಕ್ಕಿರುವ ನೆಂಟರಿಷ್ಟರಿಂದ ಪಗಾರದ ಚೀಟಿಯ ನಕಲು ತರಿಸಿಕೊಂಡು ಬಂದರೆ ಠರಾವಿಗೆ ಬಲ ಬರುತ್ತದೆ.